ಪಾಲೆಯೋ, ಕಾಸರ್ಕವೋ? ಆಟಿ ಕಷಾಯದ ಹಿಂದೆ ಒಂದು ಚರಿತ್ರೆ

ಆಟಿ ಅಮಾವಾಸ್ಯೆಯ ದಿನ ನಮ್ಮ ಕಡೆ ಬೆಳಕು ಹರಿಯುವ ಮೊದಲೇ ಪಾಲೆ ಮರದ ಬುಡದಲ್ಲಿ ಕಲ್ಲಿನ ಸದ್ದು ಕೇಳುತ್ತದೆ. ಮರಕ್ಕೆ ಕತ್ತಿ ಮುಟ್ಟಿಸುವ ಹಾಗಿಲ್ಲ. ಕಲ್ಲಿನಲ್ಲೇ ಜಜ್ಜಿ ತೊಗಟೆ ತೆಗೆಯಬೇಕು, ಸೂರ್ಯ ಮೂಡುವುದರೊಳಗೆ ಮನೆ ಸೇರಬೇಕು. ಓಮ, ಕರಿಮೆಣಸು, ಬೆಳ್ಳುಳ್ಳಿ, ಅರಸಿನ ಸೇರಿಸಿ ಅರೆದು ರಸ ಹಿಂಡುತ್ತಾರೆ. ಕೆಂಡದಲ್ಲಿ ಕಾಯಿಸಿದ ಬೊಳ್ಳುಕಲ್ಲನ್ನು ಅದಕ್ಕೆ ಹಾಕಿದಾಗ ಚುಂಯ್ ಎನ್ನುತ್ತದೆ. ಖಾಲಿ ಹೊಟ್ಟೆಗೆ ಅದನ್ನು ಕುಡಿದು, ಮುಖ ಕಿವುಚಿ, ಆಮೇಲೆ ಮೆಂತೆ ಗಂಜಿ ಉಂಡರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬುದು ಹಿರಿಯರ ಮಾತು.

ಕೆಲವು ವರ್ಷ ಮರುದಿನದ ಪೇಪರಿನಲ್ಲಿ ಇನ್ನೊಂದು ಸುದ್ದಿಯೂ ಇರುತ್ತದೆ. ಪಾಲೆ ಎಂದುಕೊಂಡು ಬೇರೆ ಮರದ ತೊಗಟೆಯ ಕಷಾಯ ಕುಡಿದು ಇಡೀ ಮನೆಯವರು ಆಸ್ಪತ್ರೆಗೆ. ಹೆಚ್ಚಿನ ಸಲ ಆ ಬೇರೆ ಮರ ಕಾಸರ್ಕ. ಮೂರು ತಾಲೂಕು ಹತ್ತಿರ ಬರುವ ವಾಮದಪದವಿನಂಥ ಊರಿನಲ್ಲಿ, ಬಂಟ್ವಾಳಕ್ಕೂ ಬೆಳ್ತಂಗಡಿಗೂ ಮೂಡುಬಿದಿರೆಗೂ ಸುದ್ದಿ ಕಳಿಸುವ ನಮ್ಮಂಥವರಿಗೆ ಇದು ಒಂದು ಕಾಲಂ, ನಾಲ್ಕು ಸಾಲಿನ ಸುದ್ದಿ. ಆದರೆ ಆ ನಾಲ್ಕು ಸಾಲಿನ ಹಿಂದೆ ಉದ್ದದ ಕತೆ ಉಂಟು. ಹಳ್ಳಿ ಮದ್ದು ಒಳ್ಳೆಯದೋ ಇಂಗ್ಲಿಷ್ ಮದ್ದು ಒಳ್ಳೆಯದೋ ಎಂದು ಅಂಗಡಿ ಜಗಲಿಯಲ್ಲಿ ವಾದ ನಡೆಯುವಾಗ ಈ ಎರಡು ಮರಗಳ ಕತೆ ಗೊತ್ತಿದ್ದರೆ ಪ್ರಯೋಜನವಾದೀತು.

ಒಂದೇ ಪುಸ್ತಕದಲ್ಲಿ ಎರಡು ಮರ

ಪಾಲೆಗೆ ಕನ್ನಡದಲ್ಲಿ ಹಾಲೆ, ಏಳೆಲೆ ಹಾಲೆ ಎಂದೂ ಸಂಸ್ಕೃತದಲ್ಲಿ ಸಪ್ತಪರ್ಣಿ ಎಂದೂ ಹೆಸರು. ಕೊಂಬೆಯ ಸುತ್ತ ಒಂದೇ ಕಡೆಯಿಂದ ಐದರಿಂದ ಏಳರವರೆಗೆ ಎಲೆಗಳು ಕೊಡೆಯ ಕಡ್ಡಿಗಳ ಹಾಗೆ ಹರಡಿರುತ್ತವೆ. ಗಾಯ ಮಾಡಿದರೆ ಹಾಲು ಸುರಿಯುತ್ತದೆ. ಕಾಸರ್ಕ ಹಾಗಲ್ಲ. ಅದರ ಎಲೆ ಎದುರುಬದುರಾಗಿ ಎರಡೆರಡೇ. ಎಲೆಯ ಬುಡದಿಂದಲೇ ಮೂರೋ ಐದೋ ನರಗಳು ಎದ್ದು ಕಾಣುತ್ತವೆ. ಹಾಲು ಇಲ್ಲ. ಹಣ್ಣು ಸಣ್ಣ ಕಿತ್ತಳೆಯಷ್ಟು, ಬಣ್ಣವೂ ಅದೇ, ಒಳಗೆ ಗುಂಡಿಯ ಹಾಗೆ ಚಪ್ಪಟೆ ಬೀಜ. ಮುರಕಲ್ಲಿನ ಪದವುಗಳಲ್ಲಿ, ಗುಡ್ಡದ ಬದಿಯಲ್ಲಿ ಧಾರಾಳ ಬೆಳೆಯುತ್ತದೆ. ಕಾಸರಗೋಡು ಎಂಬ ಊರಿಗೆ ಈ ಮರದಿಂದಲೇ ಹೆಸರು ಬಂತು ಎಂದು ಹೇಳುವವರಿದ್ದಾರೆ.

ಈ ಎರಡೂ ಮರಗಳ ಚಿತ್ರ ಒಂದೇ ಪುಸ್ತಕದ ಒಂದೇ ಸಂಪುಟದಲ್ಲಿ ಅಚ್ಚಾದದ್ದು 1678ರಲ್ಲಿ. ಪುಸ್ತಕದ ಹೆಸರು ‘ಹೊರ್ತುಸ್ ಮಲಬಾರಿಕುಸ್’. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಾಡಿಸಿದ ಪುಸ್ತಕ ಇದು. 1693ರವರೆಗೆ ಒಟ್ಟು 12 ಸಂಪುಟಗಳು ಆಮ್‌ಸ್ಟರ್‌ಡಾಮಿನಲ್ಲಿ ಹೊರಬಂದವು. ಗಿಡಗಳ ವಿಷಯ ಹೇಳಿಕೊಟ್ಟವರು ಇಲ್ಲಿಯವರೇ. ಈಳವ ವೈದ್ಯ ಇಟ್ಟಿ ಅಚ್ಯುತನ್, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಅವರು ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಕೂಡ ಆ ಪುಸ್ತಕದಲ್ಲಿ ಅಚ್ಚಾಗಿದೆ. ಪಾಲೆಯ ಹೆಸರು ಅಲ್ಲಿ ‘ಪಾಲ’ ಎಂದೇ ಇದೆ. ಕಾಸರ್ಕದ ಹೆಸರು ಮಲಯಾಳದ ‘ಕಾಂಜಿರ’ದಿಂದ ಬಂದ ‘ಕನಿರಂ’.

ಅಂದರೆ ನಮ್ಮ ಕರಾವಳಿಯ ಮದ್ದಿನ ತಿಳಿವಳಿಕೆ ಯುರೋಪಿಗೆ ಹೋಗಿ ಮುನ್ನೂರ ನಲವತ್ತು ವರ್ಷ ದಾಟಿತು. ಹಳ್ಳಿ ಮದ್ದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ ಎಂದು ಈಗ ಮೊಬೈಲಿನಲ್ಲಿ ಬರುವ ಸಂದೇಶಗಳು ಹೇಳುವುದು ಪೂರ್ತಿ ಸರಿಯಲ್ಲ. ನೋಡಿದ್ದಾರೆ, ಬರೆದಿಟ್ಟಿದ್ದಾರೆ, ಪರೀಕ್ಷೆಯನ್ನೂ ಮಾಡಿದ್ದಾರೆ. ಪರೀಕ್ಷೆಯಲ್ಲಿ ಏನಾಯಿತು ಎಂಬುದನ್ನು ಮಾತ್ರ ಹೆಚ್ಚಿನವರು ಹೇಳುವುದಿಲ್ಲ.

ಜ್ವರದ ತೊಗಟೆ

ಘಟ್ಟದ ಬುಡದ ಊರುಗಳಿಗೆ ಮಳೆಗಾಲ ಎಂದರೆ ಜ್ವರದ ಕಾಲವೂ ಆಗಿತ್ತು. ನಡುಗಿಸುವ ಚಳಿಜ್ವರ, ಅಂದರೆ ಮಲೇರಿಯಾ. ಆಟಿಯಲ್ಲಿ ಮನೆಯಲ್ಲಿ ಅಕ್ಕಿ ಕಡಿಮೆ, ಮೈಯಲ್ಲಿ ಬಲ ಕಡಿಮೆ. ತಜಂಕ್, ಕೆಸು, ಹಲಸಿನ ಬೀಜ, ಕಣಿಲೆಯಲ್ಲಿ ದಿನ ದೂಡಬೇಕು. ಮಾರಿ ಓಡಿಸಲು ಆಟಿ ಕಳಂಜ ಮನೆ ಮನೆಗೆ ಬರುವುದೂ ಇದೇ ತಿಂಗಳು. ಆ ಹೊತ್ತಿಗೆ ಒಂದು ಕಹಿ ಕಷಾಯದ ಪದ್ಧತಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ಕಾಲದಲ್ಲಿ ಯುರೋಪಿನವರ ಹತ್ತಿರ ಇನ್ನೊಂದು ಕಹಿ ತೊಗಟೆ ಇತ್ತು. ದಕ್ಷಿಣ ಅಮೆರಿಕದ ಸಿಂಕೋನಾ. 1820ರಲ್ಲಿ ಪ್ಯಾರಿಸಿನ ಪೆಲ್ಟಿಯೆ ಮತ್ತು ಕವಾಂತು ಎಂಬ ಇಬ್ಬರು ಅದರಿಂದ ಕ್ವಿನೈನನ್ನು ಬೇರ್ಪಡಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1818ರಲ್ಲಿ, ಇದೇ ಇಬ್ಬರು ಕಾಸರ್ಕದ ಜಾತಿಯ ಬೀಜದಿಂದ ಸ್ಟ್ರಿಕ್ನಿನ್ ಎಂಬ ವಿಷವನ್ನು ಬೇರ್ಪಡಿಸಿದ್ದರು. ಲಕ್ಷಾಂತರ ಜನರನ್ನು ಉಳಿಸಿದ ಮದ್ದು, ಇಲಿ ನಾಯಿ ಕೊಲ್ಲಲು ಬಳಸಿದ ವಿಷ, ಎರಡೂ ಒಂದೇ ಕೈಯಿಂದ ಬಂದವು.

ಕ್ವಿನೈನು ದುಬಾರಿ. ಬ್ರಿಟಿಷರು 1860ರ ಹೊತ್ತಿಗೆ ನೀಲಗಿರಿಯಲ್ಲಿ ಸಿಂಕೋನಾ ತೋಟ ಮಾಡಿದರು. 1892ರಲ್ಲಿ ಬಂಗಾಳದ ಅಂಚೆ ಕಚೇರಿಗಳಲ್ಲಿ ಪೈಸೆಗೊಂದು ಪೊಟ್ಟಣ ಕ್ವಿನೈನು ಮಾರತೊಡಗಿದರು. ಅಷ್ಟೂ ಸಾಲದೆ ಕ್ವಿನೈನಿಗೆ ಬದಲಿ ಯಾವುದಾದರೂ ಇಲ್ಲಿಯ ಕಾಡಿನಲ್ಲಿ ಸಿಗುತ್ತದೋ ಎಂದು ಹುಡುಕಿದರು. ಆಗ ಕಣ್ಣಿಗೆ ಬಿದ್ದದ್ದು ನಮ್ಮ ಪಾಲೆ. 1868ರಲ್ಲಿ ವೇರಿಂಗ್ ಎಂಬ ವೈದ್ಯ ಸಿದ್ಧಪಡಿಸಿದ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ದಲ್ಲಿ, ಅಂದರೆ ಸರಕಾರ ಒಪ್ಪಿದ ಮದ್ದುಗಳ ಪುಸ್ತಕದಲ್ಲಿ, ಪಾಲೆ ತೊಗಟೆಗೆ ಜಾಗ ಸಿಕ್ಕಿತು. ಫಿಲಿಪ್ಪೀನ್ಸಿನಲ್ಲಿ ಇದೇ ಮರದ ಹೆಸರು ದಿತ. ಅಲ್ಲಿ ಅದರಿಂದ ತೆಗೆದ ಪುಡಿಯನ್ನು ‘ದಿತೈನ್’ ಎಂದು ಕರೆದು ಕ್ವಿನೈನಿಗೆ ಸಮ ಎಂದು ಹೊಗಳಿದರು.

ಆಮೇಲೆ ಪರೀಕ್ಷೆ ಬಿಗಿಯಾಯಿತು. ಮಲೇರಿಯಾ ಬರುವುದು ರಕ್ತದೊಳಗಿನ ಜೀವಿಯಿಂದ ಎಂದು ಗೊತ್ತಾದ ಮೇಲೆ ಜ್ವರ ಇಳಿಯಿತೋ ಎಂದು ಕೇಳಿದರೆ ಸಾಲದು, ರಕ್ತದಲ್ಲಿ ಆ ಜೀವಿ ಸತ್ತಿತೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಯಿತು. ಹಾಗೆ ನೋಡಿದಾಗ ಪಾಲೆಯ ತೊಗಟೆ ಕ್ವಿನೈನಿನ ಕೆಲಸ ಮಾಡಲಿಲ್ಲ. ಚಳಿಜ್ವರ ತಾನಾಗಿಯೇ ಬಿಟ್ಟು ಬಿಟ್ಟು ಬರುವಂಥದ್ದು. ಬಿಡುವ ಹೊತ್ತಿಗೆ ಯಾವ ಮದ್ದು ಹೊಟ್ಟೆಯಲ್ಲಿತ್ತೋ ಅದಕ್ಕೆ ಹೆಸರು ಬಂದುಬಿಡುತ್ತದೆ.

ಈ ಮಾತನ್ನು ಹಿರಿಯರ ಮುಂದೆ ಹೇಳಿದರೆ ಬೇಸರವಾಗುತ್ತದೆ ಎಂದು ನಮಗೆ ಗೊತ್ತು. ಆದರೆ ಇಂಗ್ಲಿಷ್ ಮದ್ದಿನ ಪುಸ್ತಕಕ್ಕೆ ಹೋದ ಎಷ್ಟೋ ಯುರೋಪಿನ ಗಿಡಗಳೂ ಹೀಗೇ ಹೊರಬಿದ್ದಿವೆ. ಪಾಲೆಗೆ ಮಾತ್ರ ಆದ ಅನ್ಯಾಯವಲ್ಲ.

ಮಣಿಪಾಲದ ಇಲಿಗಳು

ಪಾಲೆ ಕಷಾಯ ಕುಡಿದರೆ ಅಪಾಯವೇ ಎಂದು ಕೇಳಿದರೆ ಉತ್ತರ ನಮ್ಮ ಕರಾವಳಿಯಲ್ಲೇ ಹುಡುಕಲಾಗಿದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಜಗೇತಿಯಾ ಮತ್ತು ಬಾಳಿಗಾ ಎಂಬ ವಿಜ್ಞಾನಿಗಳು ಪಾಲೆಯ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿ 2003–04ರಲ್ಲಿ ಪ್ರಕಟಿಸಿದರು. ಬಾಯಿಯ ಮೂಲಕ ಕೊಟ್ಟಾಗ ದೇಹದ ತೂಕದ ಕಿಲೋಗೆ 2000 ಮಿಲಿಗ್ರಾಂವರೆಗೂ ಇಲಿಗಳು ಸಾಯಲಿಲ್ಲ. ಹೊಟ್ಟೆಗೆ ಚುಚ್ಚಿ ಕೊಟ್ಟಾಗ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಪ್ರಮಾಣದಲ್ಲೇ ಸತ್ತವು. ಬೇಸಗೆಯಲ್ಲಿ ತಂದದ್ದು ಉಳಿದ ಕಾಲದ್ದಕ್ಕಿಂತ ಹೆಚ್ಚು ಕಟು. ಗರ್ಭ ಧರಿಸಿದ ಇಲಿಗಳಿಗೆ ಹೆಚ್ಚು ಪ್ರಮಾಣ ಚುಚ್ಚಿದಾಗ ಮರಿಗಳು ಸತ್ತವು, ಕೆಲವು ಅಂಗ ಊನವಾಗಿ ಹುಟ್ಟಿದವು.

ಹಿಂದಿನವರು ಬೇಸಗೆ ಬಿಟ್ಟು ಮಳೆಯ ನಡುವಿನ ಆಟಿಯನ್ನೇ ಆರಿಸಿದ್ದಕ್ಕೆ ಇದೇ ಕಾರಣವಿರಬಹುದೇ? ಇರಬಹುದು ಎಂದು ನಮಗೆ ಆಸೆ, ಅಷ್ಟೇ. ವರ್ಷಕ್ಕೊಮ್ಮೆ ಅರ್ಧ ಲೋಟ ಕುಡಿಯುವುದು ಒಂದು ವಿಷಯ. ಒಳ್ಳೆಯದೆಂದು ತಿಂಗಳುಗಟ್ಟಲೆ ಕುಡಿಯುವುದು ಬೇರೆ. ಗರ್ಭಿಣಿಯರಿಗೆ ಮತ್ತು ಸಣ್ಣ ಮಕ್ಕಳಿಗೆ ಆಟಿಯ ದಿನವೂ ಬೇಡ ಎಂಬುದು ನಮ್ಮ ಅಭಿಪ್ರಾಯ. ಹಲವು ಮನೆಗಳಲ್ಲಿ ಅವರಿಗೆ ನಾಲಗೆಗೆ ಮುಟ್ಟಿಸಿ ಬಿಡುತ್ತಾರೆ. ಅಷ್ಟರಲ್ಲೇ ಕ್ರಮ ಮುಗಿಯಿತು ಎಂದುಕೊಳ್ಳಬಹುದು.

ಕಾಸರ್ಕ ಯುರೋಪಿಗೂ ಹೋಗಿ ಬಂತು

ತೊಗಟೆ ಅದಲುಬದಲಾಗುವುದು ನಮ್ಮ ಹಳ್ಳಿಯವರ ಅಜ್ಞಾನ ಎಂದು ಪೇಟೆಯವರು ಮೂಗು ಮುರಿಯುವುದುಂಟು. ಅವರಿಗಾಗಿ ಒಂದು ಹಳೆಯ ಘಟನೆ.

ಇನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ‘ಅಂಗೋಸ್ತುರಾ’ ಎಂಬ ದಕ್ಷಿಣ ಅಮೆರಿಕದ ತೊಗಟೆ ಜ್ವರಕ್ಕೆ ಮದ್ದಾಗಿ ಮಾರಾಟವಾಗುತ್ತಿತ್ತು. 1804ರ ಸುಮಾರಿಗೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ಅದನ್ನು ಕುಡಿದವರಿಗೆ ಮೈ ಸೆಟೆದು ಬರುವುದು ಕಾಣಿಸಿತು. ಬಂದ ಮಾಲಿನಲ್ಲಿ ಬೇರೊಂದು ತೊಗಟೆ ಬೆರೆತಿತ್ತು. ಅದಕ್ಕೆ ‘ಸುಳ್ಳು ಅಂಗೋಸ್ತುರಾ’ ಎಂದು ಹೆಸರಿಟ್ಟರು. ಅದು ಯಾವ ಮರದ್ದೆಂದು ತುಂಬ ವರ್ಷ ಯಾರಿಗೂ ಗೊತ್ತಾಗಲಿಲ್ಲ. 1819ರಲ್ಲಿ ಪೆಲ್ಟಿಯೆ, ಕವಾಂತು ಅದರಿಂದ ಬ್ರೂಸಿನ್ ಎಂಬ ವಿಷ ತೆಗೆದರು. ಬ್ರೂಸಿಯಾ ಎಂಬ ಗಿಡದ್ದು ಎಂದು ತಪ್ಪು ತಿಳಿದು ಆ ಹೆಸರಿಟ್ಟದ್ದು. ಕೊನೆಗೆ ಗೊತ್ತಾಯಿತು, ಅದು ನಮ್ಮ ಕಾಸರ್ಕದ ತೊಗಟೆ.

ಜ್ವರದ ತೊಗಟೆಯ ಜಾಗದಲ್ಲಿ ಕಾಸರ್ಕದ ತೊಗಟೆ. ನಮ್ಮ ಆಟಿಯ ಸುದ್ದಿಯೇ ಹ್ಯಾಂಬರ್ಗಿನಲ್ಲಿ ಆಗಿತ್ತು.

ಇನ್ನೂ ಒಂದು ವಿಚಿತ್ರ. ಕಾಸರ್ಕದ ವಿಷ ಆಸ್ಪತ್ರೆಯ ಮದ್ದಾಗಿಯೂ ಇತ್ತು. ‘ಈಸ್ಟನ್ ಸಿರಪ್’ ಎಂಬ ಟಾನಿಕ್ ಬ್ರಿಟನ್ನಿನಲ್ಲೂ ಇಲ್ಲಿಯೂ ಹೆಸರುವಾಸಿ. ಅದರಲ್ಲಿ ಕಬ್ಬಿಣ, ಕ್ವಿನೈನು, ಸ್ಟ್ರಿಕ್ನಿನ್ ಮೂರೂ ಸೇರಿದ್ದವು. ಹಸಿವೆಯಾಗಲಿ, ಸುಸ್ತು ಹೋಗಲಿ ಎಂದು ವೈದ್ಯರೇ ಬರೆದುಕೊಡುತ್ತಿದ್ದರು. ಅದರದ್ದೇ ಸಕ್ಕರೆ ಬಳಿದ ಮಾತ್ರೆ ಬಂದಾಗ ಮಿಠಾಯಿ ಎಂದು ತಿಂದ ಮಕ್ಕಳು ಬ್ರಿಟನ್ನಿನಲ್ಲಿ ಸತ್ತರು. ಸ್ಟ್ರಿಕ್ನಿನ್ನಿನಿಂದ ಬಲ ಬರುವುದಿಲ್ಲ ಎಂದು ಗೊತ್ತಾದ ಮೇಲೂ ಅದು ಅಂಗಡಿಯಿಂದ ಹೋಗಲು ವರ್ಷಗಳು ಹಿಡಿದವು. ಇಂಗ್ಲಿಷ್ ಮದ್ದಿಗೂ ಅಜ್ಜಿ ಮದ್ದಿನಂಥ ಹಟ ಇತ್ತು ಎಂದಾಯಿತು.

ಆಯುರ್ವೇದದಲ್ಲಿ ಕಾಸರ್ಕದ ಬೀಜಕ್ಕೆ ಕಾರಸ್ಕರ, ವಿಷಮುಷ್ಟಿ ಎಂದು ಹೆಸರು. ಹೆಸರಲ್ಲೇ ವಿಷ ಇದೆ. ಗೋಮೂತ್ರ, ಹಾಲು, ತುಪ್ಪದಲ್ಲಿ ಶುದ್ಧಿ ಮಾಡಿಯೇ ಬಳಸಬೇಕೆಂದು ಕ್ರಮ. ಕಣಿಲೆಯನ್ನು ದಿನಗಟ್ಟಲೆ ನೀರಲ್ಲಿ ಹಾಕಿ, ನೀರು ಬದಲಿಸಿ, ಆಮೇಲೆ ಪಲ್ಯ ಮಾಡುತ್ತೇವಲ್ಲ, ಹಾಗೆ. ಸರಕಾರದ ಔಷಧ ನಿಯಮದಲ್ಲಿ ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳಬಾರದ ಆಯುರ್ವೇದ ವಸ್ತುಗಳ ಒಂದು ಪಟ್ಟಿ ಉಂಟು. ವಿಷಮುಷ್ಟಿ ಅದರಲ್ಲಿದೆ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಆರಂಭಿಸಿದರಲ್ಲ, ಆ ಪದ್ಧತಿಯಲ್ಲೂ ‘ನಕ್ಸ್ ವಾಮಿಕಾ’ ಎಂದು ಇದೇ ಬೀಜ. ಅಲ್ಲಿ ಮಾತ್ರ ಸಾವಿರ ಸಲ, ಲಕ್ಷ ಸಲ ತೆಳು ಮಾಡುವುದರಿಂದ ವಿಷವೂ ಉಳಿಯುವುದಿಲ್ಲ. ಬೇರೆ ಏನು ಉಳಿಯುತ್ತದೆ ಎಂದು ನಮಗೆ ಅರ್ಥವಾಗಿಲ್ಲ.

ಅರ್ಧ ಗಂಟೆಯ ವಿಷ, ಹತ್ತು ವರ್ಷದ ವಿಷ

ಕಾಸರ್ಕ ವಿಷ ಎಂದು ತುಳುನಾಡಿನ ಮಗುವಿಗೂ ಗೊತ್ತು. ಏಕೆ ಗೊತ್ತು? ಕುಡಿದ ಕಾಲು ಗಂಟೆ, ಅರ್ಧ ಗಂಟೆಯಲ್ಲೇ ಕಣ್ಣೆದುರು ಗೊತ್ತಾಗುತ್ತದೆ. ನರಗಳಲ್ಲಿ ಸ್ನಾಯುವನ್ನು ಸಡಿಲ ಬಿಡಿಸುವ ಸಂಜ್ಞೆಯನ್ನು ಸ್ಟ್ರಿಕ್ನಿನ್ ತಡೆಯುತ್ತದೆ. ಸಣ್ಣ ಸದ್ದಿಗೂ, ಮುಟ್ಟಿದರೂ ಮೈ ಬಿಲ್ಲಿನ ಹಾಗೆ ಬಗ್ಗಿ ಸೆಟೆಯುತ್ತದೆ. ಪ್ರಜ್ಞೆ ಇರುತ್ತದೆ, ಉಸಿರು ನಿಲ್ಲುತ್ತದೆ. ಇಂಥದ್ದನ್ನು ಒಮ್ಮೆ ನೋಡಿದ ಊರು ನೂರು ವರ್ಷ ಮರೆಯುವುದಿಲ್ಲ.

ಈಶ್ವರಬಳ್ಳಿಯ ವಿಷಯ ಬೇರೆ. ಹಾವಿನ ವಿಷಕ್ಕೆ, ಜ್ವರಕ್ಕೆ, ಮಕ್ಕಳ ಹೊಟ್ಟೆನೋವಿಗೆ ಎಂದು ಅದರ ಬೇರನ್ನು ತೇಯ್ದು ಕೊಡುವ ಕ್ರಮ ದೇಶದ ಹಲವು ಕಡೆ ಇದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಒಂದು ಚಿಕಿತ್ಸಾಲಯಕ್ಕೆ ಹೋದ ಹೆಂಗಸರಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಕಿಡ್ನಿ ಕೆಟ್ಟಿತು. ಅಲ್ಲಿಯ ವೈದ್ಯರು ಹುಡುಕಿದರು. ಅವರ ಚೀನೀ ಗಿಡಮೂಲಿಕೆ ಮದ್ದಿನಲ್ಲಿ ಹೇಳಿದ ಗಿಡದ ಬದಲು ಈಶ್ವರಬಳ್ಳಿಯ ಜಾತಿಯ ಇನ್ನೊಂದು ಗಿಡ ಬೆರೆತಿತ್ತು. ಇಲ್ಲೂ ಅದಲುಬದಲು. 1993ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ನೂರಕ್ಕೂ ಹೆಚ್ಚು ಮಂದಿಗೆ ತೊಂದರೆಯಾಗಿತ್ತು. ಹಲವರಿಗೆ ಡಯಾಲಿಸಿಸ್, ಕೆಲವರಿಗೆ ಆಮೇಲೆ ಮೂತ್ರನಾಳದಲ್ಲಿ ಕ್ಯಾನ್ಸರ್. ಈ ಗಿಡದ ಜಾತಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ದರ್ಜೆಯ ಪಟ್ಟಿಯಲ್ಲಿ ಇಟ್ಟಿದೆ.

ಇಂದು ಬೇರು ತೇಯ್ದು ಕುಡಿದು ವರ್ಷಗಳ ಮೇಲೆ ಕಿಡ್ನಿ ಹೋದರೆ, ಯಾವ ಅಜ್ಜಿ ಯಾವ ಪಂಡಿತ ಅವೆರಡನ್ನು ಜೋಡಿಸಿ ನೋಡಲು ಸಾಧ್ಯ? ಅವರ ಅನುಭವ ದೊಡ್ಡದೇ. ಆದರೆ ನಿಧಾನದ ವಿಷ ಅನುಭವದ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ಇಟ್ಟವರಿಗೆ ಮಾತ್ರ ಬೀಳುತ್ತದೆ. “ನಾವು ತಲೆಮಾರಿನಿಂದ ಕುಡಿಯುತ್ತಿದ್ದೇವೆ, ಏನೂ ಆಗಲಿಲ್ಲ” ಎಂಬ ಮಾತು ಕಾಸರ್ಕದ ವಿಷಯದಲ್ಲಿ ನಂಬಬಹುದು, ಈಶ್ವರಬಳ್ಳಿಯ ವಿಷಯದಲ್ಲಿ ನಂಬಲಾಗದು. ಹಾವು ಕಚ್ಚಿದರೆ ಆಸ್ಪತ್ರೆಯ ಆಂಟಿವೆನಮ್ ಒಂದೇ ದಾರಿ, ಬೇರು ತೇಯುತ್ತ ಕೂತರೆ ಹೊತ್ತು ಹೋಗುತ್ತದೆ.

ಕೊರೊನಾ ಕಾಲದಲ್ಲಿ ಅಮೃತಬಳ್ಳಿಗೂ ಹೀಗೇ ಆಯಿತು. ಮನೆ ಮನೆಯಲ್ಲಿ ಕಷಾಯ ಕುದಿಯಿತು. ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯ ಲಿವರ್ ಕೆಟ್ಟದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಹೋಲಿಕೆಯ ಬೇರೆ ಬಳ್ಳಿ ಇರಬಹುದು ಎಂದಿತು. ಮರುವರ್ಷ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ಮಂದಿಯ ವಿವರ ಪ್ರಕಟಿಸಿದರು. ಕುಡಿದ ಕೋಟಿ ಜನರಲ್ಲಿ ಇದು ಬಹಳ ಸಣ್ಣ ಸಂಖ್ಯೆ. ಆದರೆ ಕಾಮಾಲೆ ಬಂದವರು ಕಷಾಯದ ವಿಷಯ ಡಾಕ್ಟರ ಹತ್ತಿರ ಹೇಳದೆ ಇದ್ದರೆ ಲೆಕ್ಕಕ್ಕೇ ಬರುವುದಿಲ್ಲವಲ್ಲ.

ಗೆದ್ದ ಗಿಡಗಳು

ಪಾಲೆಯ ದಾಯಾದಿಗಳ ಪೈಕಿ ಎರಡು ಗಿಡಗಳು ಪರೀಕ್ಷೆಯಲ್ಲಿ ಗೆದ್ದು ಇಡೀ ಲೋಕಕ್ಕೆ ಮದ್ದಾದವು. ಒಂದು ಸರ್ಪಗಂಧ. 1949ರಲ್ಲಿ ಮುಂಬೈಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಪತ್ರಿಕೆಯಲ್ಲಿ ಅದರ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆ ಎಂದು ರೋಗಿಗಳ ಲೆಕ್ಕ ಸಮೇತ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ತೆಗೆದರು. ಅದು ಕೆಲವರಿಗೆ ತೀವ್ರ ಮಂಕು ತರುತ್ತದೆ ಎಂಬುದೂ ಆಮೇಲೆ ಗೊತ್ತಾಯಿತು. ಕೆಲಸ ಮಾಡುವ ಮದ್ದಿಗೆ ಅಡ್ಡ ಪರಿಣಾಮ ಇಲ್ಲದಿರುವುದಿಲ್ಲ, ಅದು ಬೇರಿನಲ್ಲಿರಲಿ ಮಾತ್ರೆಯಲ್ಲಿರಲಿ.

ಇನ್ನೊಂದು ನಮ್ಮ ಅಂಗಳದ ನಿತ್ಯಪುಷ್ಪ. ಅದರ ಎಲೆ ಜಗಿದರೆ ಶುಗರ್ ಇಳಿಯುತ್ತದೆ ಎಂದು ಈಗಲೂ ತಿನ್ನುವವರಿದ್ದಾರೆ. 1952ರಲ್ಲಿ ಇದೇ ನಂಬಿಕೆಯಿಂದ ಜಮೈಕಾದಿಂದ ಕೆನಡಾಕ್ಕೆ ಎಲೆ ಹೋಯಿತು. ರಾಬರ್ಟ್ ನೋಬಲ್ ಎಂಬ ವಿಜ್ಞಾನಿ ಅದರ ಸಾರವನ್ನು ಇಲಿಗಳಿಗೆ ಕೊಟ್ಟರು. ಶುಗರ್ ಇಳಿಯಲಿಲ್ಲ. ಚುಚ್ಚಿ ಕೊಟ್ಟಾಗ ರಕ್ತದ ಬಿಳಿ ಕಣಗಳು ಇಳಿದು ಇಲಿಗಳು ಸೋಂಕಿನಿಂದ ಸತ್ತವು. ಬಿಳಿ ಕಣ ಕೊಲ್ಲುವ ವಸ್ತು ಬಿಳಿ ಕಣದ ಕ್ಯಾನ್ಸರಿಗೆ ಆದೀತಲ್ಲ ಎಂದು ಯೋಚಿಸಿದರು. ಹಾಗೆ ಬಂದವು ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಇಂದೂ ಕೊಡುವುದು ಇದನ್ನೇ. ಶುಗರಿಗೆಂದು ದಿನಾ ಆ ಎಲೆ ಜಗಿಯುವವರು ಈ ಕತೆಯನ್ನು ಎರಡು ಸಲ ಓದಬೇಕು.

ಕೆಲವು ಗಿಡಗಳ ಕತೆ ನಡುವೆಯೇ ನಿಂತಿದೆ. ಕಾಮಾಲೆಗೆ ಕೊಡುವ ನೆಲನೆಲ್ಲಿಯನ್ನು 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಜೊತೆಯವರು ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ ಕೊಟ್ಟರು. 37ರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಹೋಯಿತು. ಸುಳ್ಳು ಮಾತ್ರೆ ಕೊಟ್ಟ 23ರಲ್ಲಿ ಒಬ್ಬರಿಗೆ ಮಾತ್ರ. ಲೋಕವೆಲ್ಲ ತಿರುಗಿ ನೋಡಿತು. ಆದರೆ ಬೇರೆಯವರು ಮತ್ತೆ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ನಮ್ಮ ಕಡೆ ಹೆಚ್ಚಾಗಿ ನೀರಿನಿಂದ ಬರುವ ಕಾಮಾಲೆ ಹೆಪಟೈಟಿಸ್ ಎ ಅಥವಾ ಇ. ಅದು ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ತಾನೇ ವಾಸಿಯಾಗುತ್ತದೆ. ಹಾಗಾಗಿ ಕಾಮಾಲೆಯ ಎಲ್ಲ ಮದ್ದಿಗೂ ಒಳ್ಳೆಯ ಹೆಸರು. ಗರ್ಭಿಣಿಗೆ ಮಾತ್ರ ಹೆಪಟೈಟಿಸ್ ಇ ಪ್ರಾಣಾಪಾಯ ತರಬಹುದು. ಅವರನ್ನು ಮದ್ದಿನ ಮನೆಗೆ ಕರೆದುಕೊಂಡು ಹೋಗಿ ದಿನ ಕಳೆಯಬೇಡಿ.

ಬಾಟಲಿಯ ಮದ್ದಿನ ಕತೆಯೂ ಕಹಿ

ಕಂಪೆನಿ ಮದ್ದು ಪೂರ್ತಿ ಸುರಕ್ಷಿತ ಎಂದು ನಾವು ಹೇಳುತ್ತಿಲ್ಲ. ಭಾರತದ ಔಷಧ ಕಾನೂನು ಹುಟ್ಟಿದ್ದೇ ಕಳಪೆ ಇಂಗ್ಲಿಷ್ ಮದ್ದಿನಿಂದ. 1920ರ ದಶಕದಲ್ಲಿ ಕಲಬೆರಕೆ ಕ್ವಿನೈನು ಎಲ್ಲೆಡೆ ಮಾರಾಟವಾಗುತ್ತಿತ್ತು. ಆ ಗಲಾಟೆಯ ಮೇಲೆ 1930ರಲ್ಲಿ ರಾಮನಾಥ ಚೋಪ್ರಾ ಅವರ ಸಮಿತಿ ಬಂತು. ಹತ್ತು ವರ್ಷ ಬಿಟ್ಟು 1940ರ ಕಾನೂನು. ನಾಟಿ ಗಿಡಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 1933ರಲ್ಲಿ ದೊಡ್ಡ ಪುಸ್ತಕ ಬರೆದವರೂ ಇದೇ ಚೋಪ್ರಾ. ಆಯುರ್ವೇದದ ಮದ್ದುಗಳು ಆ ಕಾನೂನಿನೊಳಗೆ ಬಂದದ್ದು 1964ರ ತಿದ್ದುಪಡಿಯಲ್ಲಿ. ಈಗಲೂ ಹಳೆಯ ಗ್ರಂಥದಲ್ಲಿರುವ ಕ್ರಮದಲ್ಲೇ ಮಾಡಿದ ಮದ್ದಿಗೆ ರೋಗಿಗಳ ಮೇಲೆ ಹೊಸ ಪರೀಕ್ಷೆ ಬೇಕಿಲ್ಲ. ವೈದ್ಯರು ತಮ್ಮ ರೋಗಿಗೆ ತಾವೇ ಮಾಡಿ ಕೊಡುವ ಮದ್ದಿಗೆ ತಯಾರಿಕೆಯ ಲೈಸೆನ್ಸೂ ಬೇಡ.

ಅಮೆರಿಕದಲ್ಲಿ 1937ರಲ್ಲಿ ಒಂದು ಸಿರಪ್ಪಿಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ದ್ರಾವಕ ಬಳಸಿ ನೂರಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಅದೇ ವಿಷ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ಜನರನ್ನು ತೆಗೆದುಕೊಂಡಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಸತ್ತದ್ದೂ ಅದರಿಂದಲೇ. ಎಂಬತ್ತೆಂಟು ವರ್ಷದಲ್ಲಿ ಮತ್ತೆ ಮತ್ತೆ ಒಂದೇ ವಿಷ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ. ಕಾಸರ್ಕವನ್ನು ಪಾಲೆ ಎಂದುಕೊಂಡವರಿಗೆ ಕತ್ತಲೆಯ ನೆಪವಾದರೂ ಇತ್ತು. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವ ಕೋಣೆಯೇ ಇರುತ್ತದೆ.

ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಸಿರಪ್ಪಿನ ಬಾಟಲಿಯಲ್ಲಿ ಬ್ಯಾಚ್ ನಂಬರ್ ಇತ್ತು. ಲ್ಯಾಬಿನವರು ಅದರಲ್ಲಿ 48.6 ಶೇಕಡಾ ವಿಷ ಇತ್ತೆಂದು ಹೇಳಲು ಸಾಧ್ಯವಾಯಿತು, ಮಾರಾಟ ನಿಲ್ಲಿಸಲೂ ಆಯಿತು. ಸಂತೆಯಲ್ಲಿ ಸಿಗುವ ಗಂಟುನೋವಿನ ಪುಡಿಗೆ ಹೆಸರೂ ಇಲ್ಲ, ನಂಬರೂ ಇಲ್ಲ. ಒಂದೇ ದಿನದಲ್ಲಿ ನೋವು ಮಾಯವಾಗಿ, ತಿಂಗಳಲ್ಲಿ ಮುಖ ಊದಿಕೊಂಡರೆ ಅದರಲ್ಲಿ ಸ್ಟಿರಾಯ್ಡ್ ಮಾತ್ರೆ ಪುಡಿ ಮಾಡಿ ಹಾಕಿರುವ ಸಂಶಯ ಪಡಬೇಕು. ಅಮೆರಿಕದಲ್ಲಿ ಇಂಟರ್ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಮದ್ದುಗಳನ್ನು ತರಿಸಿ ನೋಡಿದವರು 2008ರಲ್ಲಿ ಐದರಲ್ಲೊಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡರು. ಭಾರತದ್ದರಲ್ಲಿ ಮಾತ್ರವಲ್ಲ, ಅಮೆರಿಕದಲ್ಲೇ ತಯಾರಾದದ್ದರಲ್ಲೂ.

ಮಲೇರಿಯಾಕ್ಕೆ ಕೊನೆಗೂ ಗಿಡವೇ ಗೆದ್ದಿತು, ಪಾಲೆಯಲ್ಲ. ಚೀನಾದ ತು ಯುಯು 1600 ವರ್ಷ ಹಳೆಯ ವೈದ್ಯ ಗ್ರಂಥದಲ್ಲಿ ಒಂದು ಮಾಚಿಪತ್ರೆ ಜಾತಿಯ ಗಿಡವನ್ನು ತಣ್ಣೀರಿನಲ್ಲಿ ಹಿಂಡಬೇಕೆಂದು ಓದಿ, ಕುದಿಸದೆ ಸಾರ ತೆಗೆದರು. ಆರ್ಟಿಮಿಸಿನಿನ್ ಬಂತು. 2015ರಲ್ಲಿ ಅವರಿಗೆ ನೊಬೆಲ್. 1990ರ ದಶಕದಲ್ಲಿ ಕಟ್ಟಡ ಕೆಲಸ ಹೆಚ್ಚಾಗಿ ಮಂಗಳೂರಿಗೆ ಮಲೇರಿಯಾ ಮತ್ತೆ ಬಂದಾಗಿನಿಂದ ನಮ್ಮ ಜಿಲ್ಲೆಗೂ ಈ ಮದ್ದುಗಳ ಪರಿಚಯ ಚೆನ್ನಾಗಿ ಆಗಿದೆ. ಸಾಮಾನ್ಯ ಬಗೆಯ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಜೊತೆ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಮೂರನೇ ದಿನ ಜ್ವರ ಬಿಡುತ್ತದೆ, ಮಾತ್ರೆಯೂ ಬಿಡುತ್ತೇವೆ. ಲಿವರಿನಲ್ಲಿ ಅಡಗಿದ ಜೀವಿ ತಿಂಗಳು ಬಿಟ್ಟು ಎದ್ದಾಗ “ಇಂಗ್ಲಿಷ್ ಮದ್ದು ನಾಟಲಿಲ್ಲ” ಎನ್ನುತ್ತೇವೆ.

ಮುಂದಿನ ಆಟಿಗೆ

ಕಷಾಯ ಕುಡಿಯಬೇಡಿ ಎಂದರೆ ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮರವನ್ನು ಹಿಂದಿನ ದಿನ ಹಗಲಲ್ಲೇ ನೋಡಿ, ಗುರುತು ಕಟ್ಟಿ ಬನ್ನಿ. ಎಲೆ ಐದು, ಏಳು ಒಂದೇ ಸುತ್ತಿನಲ್ಲಿ ಇದೆಯೋ, ಹಾಲು ಬರುತ್ತದೋ, ಎರಡನ್ನೂ ನೋಡಿ. ಹಾಲು ಬರುವ ಮರಗಳು ಬೇರೆಯೂ ಉಂಟು, ಒಂದೇ ಗುರುತು ಸಾಲದು. ಕಹಿಯಿಂದ ಗೊತ್ತಾಗುವುದಿಲ್ಲ, ಎರಡೂ ಕಹಿ. ಬೇರೆಯವರು ತಂದುಕೊಟ್ಟ, ಪೇಟೆಯಲ್ಲಿ ಹಂಚಿದ ತೊಗಟೆಯಾದರೆ ಯಾರು ಎಲ್ಲಿಂದ ತಂದರು ಎಂದು ಕೇಳಲು ಸಂಕೋಚ ಬೇಡ.

ಕುಡಿದ ಮೇಲೆ ದವಡೆ ಬಿಗಿದರೆ, ಕಾಲು ಸೆಟೆದರೆ ವಾಂತಿ ಮಾಡಿಸಲು ಹೋಗಬೇಡಿ, ಮಜ್ಜಿಗೆ ಕುಡಿಸಬೇಡಿ. ಗಲಾಟೆ ಮಾಡದೆ, ಮೈ ಅಲುಗಿಸದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, 108ಕ್ಕೆ ಫೋನ್ ಮಾಡಿ. ಇದಕ್ಕೆ ಪ್ರತಿವಿಷ ಇಲ್ಲ, ಆದರೆ ಸ್ನಾಯು ಸಡಿಲಿಸುವ ಇಂಜೆಕ್ಷನ್, ಉಸಿರಾಟದ ಯಂತ್ರ ಸಮಯಕ್ಕೆ ಸಿಕ್ಕಿ ಮೊದಲ ದಿನ ದಾಟಿದವರು ಸಾಮಾನ್ಯವಾಗಿ ಉಳಿಯುತ್ತಾರೆ. ಉಳಿದ ತೊಗಟೆಯ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ. ಯಾವುದೇ ಮದ್ದಿನಿಂದ, ಆಸ್ಪತ್ರೆಯದ್ದಾಗಲಿ ಪಂಡಿತರದ್ದಾಗಲಿ, ತೊಂದರೆಯಾದರೆ ತಿಳಿಸಲು ಸರಕಾರದ ಉಚಿತ ನಂಬರ್ 1800-180-3024. ಕೆಲಸದ ದಿನ, ಕಚೇರಿ ಹೊತ್ತಿನಲ್ಲಿ ಮಾಡಿ ನೋಡಿ.